ಕಿವಿ ಮೇಸ್ತ್ರಿಯೂ ಟಕ್ ಅನ್ನದ ಗೇರೂ

ಅವನನ್ನು ಊರೆಲ್ಲ ಕಿವಿ ಮೇಸ್ತ್ರಿ ಅಂತಲೇ ಕರೆಯುತ್ತಿತ್ತು. ಕಿವಿ ದೊಡ್ಡದಿತ್ತು ಅಂತಲ್ಲ, ಎಲ್ಲರಿಗಿರುವಷ್ಟೇ ಇತ್ತು. ಆದರೆ ಆ ಕಿವಿ ಮಾಡುತ್ತಿದ್ದ ಕೆಲಸ ಇದೆಯಲ್ಲ, ಅದಕ್ಕೆ ಏನನ್ನೋಣ! ಮೂರು ರಸ್ತೆ ಸೇರುವ ಕಡೆ, ಮಹಡಿ ಮೆಟ್ಟಿಲ ಕೆಳಗೆ ಅವನ ಸೈಕಲ್ ಅಂಗಡಿ. ಅಲ್ಲಿ ರಸ್ತೆಗೆ ಬೆನ್ನು ಹಾಕಿ ಕೂತು ಚಕ್ರದ ಕಡ್ಡಿ ಬಿಗಿಯುತ್ತಿರುವಾಗಲೇ ಕೂಗುತ್ತಿದ್ದ: "ಏ ಪೋಸ್ಟು, ಹಿಂದಿನ ಚಕ್ರದ ಬೇರಿಂಗ್ ಗುಂಡು ಸವೆದಿದೆ, ಇಳಿ ಕೆಳಗೆ!" ಪೋಸ್ಟ್‌ಮ್ಯಾನ್ ಬೈದುಕೊಂಡೇ ಇಳಿಯುತ್ತಿದ್ದ. ಬಿಚ್ಚಿ ನೋಡಿದರೆ ಗುಂಡು ಸವೆದೇ ಇರುತ್ತಿತ್ತು. ಒಮ್ಮೆ ಯಾರೋ ಹಟಕ್ಕೆ ಬಿದ್ದು ಅವನ ಕಣ್ಣಿಗೆ ಬಟ್ಟೆ ಕಟ್ಟಿ, ಒಂದರ ಹಿಂದೆ ಒಂದು ಒಂಬತ್ತು ಸೈಕಲ್ ಓಡಿಸಿದ್ದರು. ಒಂಬತ್ತರ ಕಾಯಿಲೆಯನ್ನೂ ಹೇಳಿ, ಹತ್ತನೆಯದು ನಿನ್ನ ಮೊಣಕಾಲಿನ ಸದ್ದು ಕಣಯ್ಯಾ ಅಂದಿದ್ದ.

ಗೇರಿನ ಸೈಕಲ್ ಅಂದರಂತೂ ಕೇಳಲೇಬೇಡಿ. ಹಿಂದಿನ ಚಕ್ರಕ್ಕೆ ಒಂದರ ಪಕ್ಕ ಒಂದು ಹಲ್ಲಿನ ಬಿಲ್ಲೆಗಳಿರುತ್ತವೆ. ಲಿವರ್ ಎಳೆದರೆ ಚೈನು ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಸರಿಯಾಗಿ ಕೂತರೆ ಸದ್ದಿಲ್ಲ. ಕೂದಲೆಳೆಯಷ್ಟು ಆಚೀಚೆ ಆದರೂ ಕರ್ ಕರ್ ಅಂತ ಗೊಣಗುತ್ತದೆ. ಆ ಗೊಣಗು ನಿಲ್ಲುವವರೆಗೆ ಮೇಸ್ತ್ರಿ ವೈರನ್ನು ಬಿಗಿಸುವನು, ಸಡಿಲಿಸುವನು, ಕತ್ತು ಓರೆ ಮಾಡಿ ಆಲಿಸುವನು. ಕೊನೆಗೆ "ಹಾಂ, ಸದ್ದಿಲ್ಲ" ಅಂದನೆಂದರೆ ಮುಗಿಯಿತು, ಆ ಸೈಕಲ್ಲಿಗೆ ಇನ್ನು ಎರಡು ವರ್ಷ ಚಿಂತೆ ಇಲ್ಲ.

ಇಂಥ ಕಿವಿ ಒಂದೂವರೆ ವರ್ಷದಿಂದ ಕೈಕೊಡುತ್ತಿತ್ತು. ಮೊದಲು ಹೋದದ್ದು ಸಣ್ಣ ಸದ್ದುಗಳು. ಚಕ್ರ ಸುಮ್ಮನೆ ತಿರುಗುವಾಗಿನ ಟಿಕಿಟಿಕಿ ಒಂದು ದಿನ ಇಲ್ಲವೇ ಇಲ್ಲ. ಗ್ರೀಸ್ ಜಾಸ್ತಿಯಾಗಿದೆ ಅಂದುಕೊಂಡ. ಆಮೇಲೆ ಗುಬ್ಬಿಗಳು ಹೋದವು. ಗುಬ್ಬಿಗಳಿಗೆ ಯಾರೂ ಗ್ರೀಸ್ ಹಚ್ಚುವುದಿಲ್ಲವಲ್ಲ, ಆಗ ಅವನ ಎದೆ ಧಸಕ್ಕೆಂದಿತು. ಡಾಕ್ಟರ ಹತ್ತಿರ ಹೋದನೇ? ಹೋಗಲಿಲ್ಲ ಪುಣ್ಯಾತ್ಮ. ಹೆಂಡತಿಗೆ ಹೇಳಿದನೇ? ಅದೂ ಇಲ್ಲ. ಕಿವಿ ಹೋದ ಕಿವಿ ಮೇಸ್ತ್ರಿ ಅಂದರೆ ಏನು ಉಳಿಯಿತು, ಬರೀ ಮೇಸ್ತ್ರಿ. ಅಂಥವರು ಬೀದಿಗೆ ಇಬ್ಬರಿದ್ದಾರೆ.

ಅದಕ್ಕೆ ಅವನೊಂದು ಉಪಾಯ ಹೂಡಿದ್ದ. ಗೇರು ಹಾಕಿಸಲು ಬಂದವರಿಗೆಲ್ಲ ಟಕ್ ಲಿವರನ್ನೇ ಹೊಗಳಲು ಶುರುಮಾಡಿದ. ಟಕ್ ಲಿವರ್ ಅಂದರೆ ಒಳಗೆ ಹಲ್ಲು ಕಚ್ಚಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುವಂಥದ್ದು. ಒಂದು ಟಕ್‌ಗೆ ಒಂದು ಗೇರು. ಅದನ್ನು ಕೂರಿಸಲು ಕಿವಿ ಬೇಡ, ಸ್ಕ್ರೂ ಎಷ್ಟು ಸುತ್ತು ಅಂತ ಎಣಿಸಿದರೆ ಸಾಕು. ಇನ್ನೊಂದು ಥರದ್ದು ನುಣ್ಣನೆ ಜಾರುವ ಹಳೆಯ ಲಿವರ್. ಅದರಲ್ಲಿ ಮೆಟ್ಟಿಲಿಲ್ಲ, ಗುರುತಿಲ್ಲ. ಗೊಣಗು ನಿಂತ ಕಡೆ ಗೇರು ಬಿದ್ದಿದೆ ಅಂತ ನಾವೇ ತಿಳಿಯಬೇಕು. ಇಪ್ಪತ್ತೈದು ವರ್ಷ ಈ ನುಣ್ಣನೆ ಲಿವರನ್ನೇ ತಲೆ ಮೇಲೆ ಹೊತ್ತು ಮೆರೆಸಿದ್ದ ಮನುಷ್ಯ ಈಗ ಅದರ ಹೆಸರೆತ್ತಿದರೆ ಸಿಡುಕುತ್ತಿದ್ದ. ಮೇಸ್ತ್ರಿ ಹೊಸ ಕಾಲಕ್ಕೆ ಹೊಂದಿಕೊಂಡ ಅಂತ ಜನ ಮೆಚ್ಚಿಕೊಂಡರು. ಜನಕ್ಕೇನು, ಮೆಚ್ಚುತ್ತಾರೆ.

ಹೀಗಿರುವಾಗ ಒಂದು ಬೆಳಿಗ್ಗೆ ಹಸಿರು ಬಣ್ಣದ ಉಕ್ಕಿನ ಸೈಕಲ್ಲೊಂದನ್ನು ತಳ್ಳಿಕೊಂಡು ಒಬ್ಬ ಹೆಂಗಸು ಅಂಗಡಿ ಮುಂದೆ ನಿಂತಳು. ಅರವತ್ತರ ಹತ್ತಿರ ಹತ್ತಿರ ವಯಸ್ಸು, ಗಿಡ್ಡನೆ ಆಳು, ದಪ್ಪ ಮಣಿಕಟ್ಟು. ಬಂದವಳೇ ಇಡೀ ಬೀದಿ ತಿರುಗಿ ನೋಡುವ ಹಾಗೆ ಕೂಗಿದಳು.

"ನಂಗೆ ಕಿವಿ ಕೇಳಲ್ಲ! ಮುಖ ಈ ಕಡೆ ಮಾಡಿ ಮಾತಾಡಿ! ನಾನು ಜೋರಾಗಿ ಮಾತಾಡ್ತಿದ್ರೆ ಕೈ ಹೀಗೆ ಕೆಳಗೆ ಮಾಡಿ, ಇಳಿಸ್ಕೋತೀನಿ!"

ಅಂಗಡಿಯ ಬೆಂಚಿನ ಮೇಲೆ ಭಾವ ಪೇಪರ್ ಓದುತ್ತಿದ್ದ. ಮೇಸ್ತ್ರಿಯ ಹೆಂಡತಿಯ ಅಣ್ಣ, ಬಸ್ ಓಡಿಸಿ ನಿವೃತ್ತನಾದವ. ಬಸ್ಸು ಬಿಟ್ಟ ಮೇಲೆ ಆ ಬೆಂಚೇ ಅವನ ಸೀಟು. ಅವನಿಗೆ ನಗು ತಡೆಯಲಾಗಲಿಲ್ಲ. "ಸರಿಹೋಯ್ತು! ಕಿವಿ ಹುಡುಕ್ಕೊಂಡು ಕಿವಿ ಇಲ್ದೋರು ಬಂದ್ರು ನೋಡಪ್ಪಾ!" ಅಂದ. ಗಲ್ಲಾದ ಹಿಂದೆ ಟ್ಯೂಬಿಗೆ ತೇಪೆ ಹಾಕುತ್ತಿದ್ದ ತಂಗಿ ಕಣ್ಣು ಬಿಟ್ಟಳು, ಭಾವ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ.

ಹೆಂಗಸು ತಾನಾಗಿಯೇ ಎಲ್ಲ ಹೇಳಿದಳು. ನದಿ ದಂಡೆಯ ಬಟ್ಟೆ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಮಗ್ಗದ ಕೆಲಸ. ಹೋದ ತಿಂಗಳು ನಿವೃತ್ತಿ. ಇನ್ನು ಸೈಕಲ್ ಹತ್ತಿ, ನದಿ ಪಕ್ಕದ ದಾರಿಯಲ್ಲೇ ಅದು ಹುಟ್ಟುವ ಬೆಟ್ಟದವರೆಗೂ ಹೋಗಬೇಕು. ಒಂಬೈನೂರು ಕಿಲೋಮೀಟರ್. ಬಿಲ್ಲೆ, ಚೈನು ಎಲ್ಲ ಹೊಸದಾಗಿ ಹಾಕಿಸಿದ್ದಾಗಿದೆ, ಇನ್ನು ಗೇರಿನ ಲಿವರ್ ಬೇಕು.

"ಒಬ್ರೇನಾ?" ಅಂದಳು ಮೇಸ್ತ್ರಿಯ ಹೆಂಡತಿ, ತೇಪೆ ಹಾಕುವುದು ಬಿಟ್ಟು.

"ಒಬ್ಳೇ! ಮೂವತ್ತೊಂದು ವರ್ಷ ಆ ನೀರು ನಮ್ಮ ಮಿಲ್ಲಿಗೆ ಬಂದು ಕೆಂಪಗೋ ನೀಲಿಯಾಗೋ ಆಚೆ ಹೋಗೋದು ನೋಡಿದ್ದೀನಮ್ಮ. ಅದರ ಸ್ವಂತ ಬಣ್ಣ ಯಾವುದು ಅಂತ ಒಂದ್ಸಲ ನೋಡ್ಬೇಡ್ವಾ?"

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಅವನ ಅಂಗಡಿಯಿಂದ ಮಾರ್ಕೆಟ್ಟಿಗೆ ಹೋಗುವವರು, ಶಾಲೆಗೆ ಹೋಗುವವರು ಬೇಕಾದಷ್ಟು ಜನ ಸೈಕಲ್ ಒಯ್ದಿದ್ದರು. ನದಿಯ ಹುಟ್ಟು ನೋಡಲು ಹೊರಟವರು ಇದೇ ಮೊದಲು. ಒಳಗೆ ಹೋಗಿ ಒಂದು ಒಗೆದ ಬಟ್ಟೆ ತಂದು ಹಾಸಿ ಮೂರು ಜೊತೆ ಲಿವರ್ ಇಟ್ಟ. ಮೊದಲನೆಯದು ಬ್ರೇಕಿನ ಜೊತೆಯಲ್ಲೇ ಸೇರಿಕೊಂಡಿರುವಂಥದ್ದು, ನೋಡಲು ರಾಜನ ಹಾಗಿತ್ತು. ಎರಡನೆಯದು ಹ್ಯಾಂಡಲಿನ ತುದಿಗೆ ಸಿಕ್ಕಿಸುವ ಟಕ್ ಲಿವರ್. ಮೂರನೆಯದು ಅದೇ ತುದಿಗೆ ಸಿಕ್ಕಿಸುವ ನುಣ್ಣನೆ ಲಿವರ್. ಆ ಮೂರನೆಯದನ್ನು ಯಾಕೆ ತಂದಿಟ್ಟನೋ ಅವನಿಗೇ ಗೊತ್ತಿಲ್ಲ, ಹಳೆಯ ಅಭ್ಯಾಸ.

ಆಕೆ ಒಂದೊಂದನ್ನೂ ಎತ್ತಿ, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಆಡಿಸಿ ನೋಡಿದಳು. ರಾಜನನ್ನು ತಕ್ಷಣ ಕೆಳಗಿಟ್ಟಳು. "ಇದರ ಹೊಟ್ಟೇಲಿ ಏನೇನೋ ಇದೆ. ದಾರೀಲಿ ಕೆಟ್ರೆ ಬಿಚ್ಚೋರು ಯಾರು?" ಟಕ್ ಲಿವರನ್ನು ಎರಡು ಸಲ ಆಡಿಸಿ ಅದನ್ನೂ ಇಟ್ಟಳು. ಮೂರನೆಯದನ್ನು ಮಾತ್ರ ಕೈಯಲ್ಲೇ ಹಿಡಿದು ನಿಂತಳು.

"ಇದು."

"ಅದು ಬೇಡ," ಅಂದ ಮೇಸ್ತ್ರಿ, ತುಟಿ ಬಿಡಿಸಿ ಬಿಡಿಸಿ. "ಟಕ್ ತಗೊಳ್ಳಿ. ಎಣಿಸ್ಕೊಂಡು ಹಾಕಬಹುದು. ಬೆರಳಿಗೇ ಗೊತ್ತಾಗುತ್ತೆ."

"ಸೈಕಲ್ ಒಂದ್ಸಲ ಬಿದ್ದು, ಚೈನು ಸರಿಸೋ ಹಿಂದಿನ ಕೊಕ್ಕೆ ಸೊಟ್ಟ ಆದ್ರೆ? ಆಗ ಬೆರಳಿಗೆ ಟಕ್ ಅನ್ನುತ್ತೆ, ಗೇರು ಬಿದ್ದಿರಲ್ಲ. ಸುಳ್ಳು ಹೇಳುತ್ತೆ. ಇದು ಸುಳ್ಳು ಹೇಳಲ್ಲ. ಸೊಟ್ಟ ಆದ್ರೂ ಸ್ವಲ್ಪ ಹೆಚ್ಚು ಎಳೆದ್ರೆ ಆಯ್ತು."

ಮಾತು ನೂರಕ್ಕೆ ನೂರು ಸರಿ. ಇದೇ ಮಾತನ್ನು ಮೇಸ್ತ್ರಿಯೇ ಹಿಂದೆ ಎಷ್ಟು ಜನಕ್ಕೆ ಹೇಳಿದ್ದನೋ. ಅದಕ್ಕೇ ಇರಬೇಕು, ಅವನಿಗೆ ಎಲ್ಲಿಲ್ಲದ ಕೋಪ ಬಂತು.

"ಅದು ಕಿವಿ ಇದ್ದೋರಿಗೆ ಕಣಮ್ಮಾ! ಕಿವಿ ಇಲ್ದೋರ ಕೈಲಿ ಅದು ಆಗೋ ಕೆಲಸವೇ ಅಲ್ಲ! ಬೆಟ್ಟದ ದಾರೀಲಿ ಚೈನು ಕಡ್ಡಿಗೆ ಸಿಕ್ಕಿಹಾಕ್ಕೊಂಡ್ರೆ ಮುಗೀತು ಕಥೆ!"

ಭಾವನ ಪೇಪರ್ ಕೆಳಗಿಳಿಯಿತು. ಗಿರಾಕಿಯ ಮುಖದ ಮೇಲೆ, ಅದೂ ಇಷ್ಟು ವಯಸ್ಸಾದ ಹೆಂಗಸಿಗೆ, ಹೀಗಾ ಮಾತಾಡುವುದು! ಹೆಂಡತಿ "ರೀ" ಅಂದಳು. ಮೇಸ್ತ್ರಿ ಕೂಗಿದ್ದು ಆಕೆಯ ಮೇಲಲ್ಲ ಅಂತ ಅಲ್ಲಿ ಯಾರಿಗೆ ಗೊತ್ತು? ಕಿವಿ ಇಲ್ಲದವರ ಕೈಲಿ ಆಗುವುದಿಲ್ಲ ಅಂತ ಒಂದೂವರೆ ವರ್ಷದಿಂದ ದಿನಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತು ಅದು.

ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. "ಹಾಕಿ ನೋಡಿ. ಆಗಲಿಲ್ಲ ಅಂದ್ರೆ ಟಕ್ ತಗೋತೀನಿ," ಅಂದಳು.

ಮೇಸ್ತ್ರಿ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿದ. ವೈರು ಎಳೆದ, ಲಿವರ್ ಕೂರಿಸಿದ, ಹಿಂದೆ ಬಗ್ಗಿ ಚೈನಿನ ನೇರ ನೋಡಿದ. ಒಂದು ಕೈಯಲ್ಲಿ ಪೆಡಲ್ ತಿರುಗಿಸುತ್ತ ಇನ್ನೊಂದರಲ್ಲಿ ಲಿವರ್ ಜಾರಿಸಿ ನಡುವಿನ ಬಿಲ್ಲೆಗೆ ತಂದ. ಕತ್ತು ಓರೆ ಮಾಡಿದ. ಸದ್ದೇ ಇಲ್ಲ. ಅಷ್ಟು ನಿಶ್ಶಬ್ದ ಅವನಿಗೆ ಹಿತವಾಗಿತ್ತು.

"ಹಾಂ," ಅಂದ. "ಸದ್ದಿಲ್ಲ. ಹೀಗಿರಬೇಕು ನೋಡಿ."

ಆಕೆ ಮುಂದೆ ಬಂದು, ತಿರುಗುತ್ತಿದ್ದ ಚಕ್ರದ ಪಕ್ಕದ ಉಕ್ಕಿನ ಕೊಳವೆಯ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತು ಹಾಗೇ ನಿಂತಳು.

"ಸದ್ದಿದೆ," ಅಂದಳು.

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಕಿವಿ ಮೇಸ್ತ್ರಿಗೇ ಸದ್ದಿದೆ ಅಂತ ಹೇಳುವ ಕಿವುಡಿ! ನಗುತ್ತಾ ನಗುತ್ತಾ ಇದ್ದವನು ಫಕ್ಕನೆ ನಗು ನಿಲ್ಲಿಸಿದ. ಬೆಂಚಿನಿಂದ ಎದ್ದು ಬಂದ. "ಇರು ಇರು... ಹೌದು ಕಣಯ್ಯಾ ಮೇಸ್ತ್ರಿ! ಕರ್ ಕರ್ ಅಂತಿದೆ. ನಂಗೇ ಕೇಳಿಸ್ತಿದೆಯಲ್ಲೋ!"

ಮೇಸ್ತ್ರಿಯ ಮುಖದಲ್ಲಿ ಒಂದು ತೊಟ್ಟು ರಕ್ತ ಉಳಿಯಲಿಲ್ಲ. ಕೈ ಮಾತ್ರ ಪೆಡಲನ್ನು ತಿರುಗಿಸುತ್ತಲೇ ಇತ್ತು. ಆಕೆ ಅಂಗೈ ತೆಗೆಯದೆ ಇನ್ನೊಂದು ಕೈಯ ಹೆಬ್ಬೆರಳಿನಿಂದ ಲಿವರನ್ನು ಒಂದು ಸಾಸಿವೆಯಷ್ಟು ಒತ್ತಿದಳು. "ಈಗ ಇಲ್ಲ."

"ನಿಂತೋಯ್ತು!" ಅಂತ ಭಾವ ಕೂಗಿದ. "ಅಬ್ಬಬ್ಬಾ! ಏನ್ರೀ ಇದು! ಕೈಲಿ ಕೇಳಿಸ್ಕೋತಾರಲ್ರೀ ಈಯಮ್ಮ!"

ಆಕೆ ನಕ್ಕು, ಮಗ್ಗದ ಮನೆಯ ಸಂಗತಿ ಹೇಳಿದಳು. ಒಂದೇ ಹಜಾರದಲ್ಲಿ ಇನ್ನೂರು ಮಗ್ಗ. ಆ ಗದ್ದಲದಲ್ಲಿ ಪಕ್ಕದಲ್ಲಿ ಪಟಾಕಿ ಹೊಡೆದರೂ ಗೊತ್ತಾಗದು. ಒಬ್ಬೊಬ್ಬರಿಗೆ ಎಂಟು ಮಗ್ಗ, ಎಲ್ಲಿ ಯಾವ ಎಳೆ ಹರಿಯುತ್ತೆ ಅಂತ ನೋಡುತ್ತ ಓಡಾಡಬೇಕು. ಹೋಗುತ್ತ ಹೋಗುತ್ತ ಮಗ್ಗದ ಪಕ್ಕದ ಕಂಬದ ಮೇಲೆ ಅಂಗೈ ಇಡುವುದು. ಚೆನ್ನಾಗಿ ಓಡುವ ಮಗ್ಗ ಕೈಗೆ ಒಂದು ಥರ ಬಡಿಯುತ್ತದೆ, ಎಳೆ ಹರಿಯುವ ಮುಂಚೆ ಇನ್ನೊಂದು ಥರ. "ಐದು ವರ್ಷಕ್ಕೆ ಎಲ್ಲರ ಕಿವೀನೂ ಹೋಗುತ್ತೆ. ಹತ್ತು ವರ್ಷಕ್ಕೆ ಕೈ ಬರುತ್ತೆ," ಅಂದಳು. ಮಾತಂತೂ ಬರೀ ತುಟಿಯಲ್ಲೇ. ಗಂಟಲಿಗೆ ಯಾರು ಕಷ್ಟ ಕೊಡುತ್ತಾರೆ? ಹಜಾರದ ಆ ತುದಿಯಲ್ಲೊಬ್ಬಳು, ಈ ತುದಿಯಲ್ಲೊಬ್ಬಳು, ನಡುವೆ ನಿಂತ ಸೂಪರ್‌ವೈಸರ್‌ನ ಮೀಸೆಯನ್ನೇ ಆಡಿಕೊಂಡು ನಗುತ್ತಿದ್ದರಂತೆ. ಅವನಿಗೆ ಕೊನೆಗೂ ಗೊತ್ತಾಗಲಿಲ್ಲವಂತೆ.

ಭಾವನಿಗೆ ಈ ಕಥೆ ಬಹಳ ಹಿಡಿಸಿತು. ಆದರೂ ಬಿಡುವ ಪೈಕಿ ಅಲ್ಲ ಅವನು. "ಅದಿರಲಿ, ನಮ್ಮ ಕಿವಿಗೇನಾಯ್ತು ಇವತ್ತು?" ಅಂತ ಕೆಣಕಿದ.

"ಹೊಸ ಚೈನಲ್ವಾ, ಹಾಗೇ," ಅಂದ ಮೇಸ್ತ್ರಿ.

ಆಕೆ ಅವನ ಎದುರಿಗೆ ಬಂದು, ಬಾಕಿಯವರಿಗೆ ಬೆನ್ನು ಮಾಡಿ ನಿಂತಳು. "ಎಷ್ಟು ದಿನ ಆಯ್ತು?" ಅಂದಳು.

"ಒಂದೂವರೆ ವರ್ಷ," ಅಂದ ಮೇಸ್ತ್ರಿ.

"ಏನು ಒಂದೂವರೆ ವರ್ಷ?" ಅಂದ ಭಾವ. "ಯಾರಿಗೆ ಹೇಳ್ತಿದ್ದೀಯೋ? ಅವರು ಏನೂ ಕೇಳಲೇ ಇಲ್ವಲ್ಲ!"

ಮೇಸ್ತ್ರಿ ಆಕೆಯ ಮುಖ ನೋಡಿದ. ಆಕೆ ದನಿ ತೆಗೆದೇ ಇರಲಿಲ್ಲ. ಬರೀ ತುಟಿ ಆಡಿಸಿದ್ದಳು, ಹಜಾರದ ಆ ತುದಿಯವಳಿಗೆ ಕೇಳುವ ಹಾಗೆ. ಅದು ಅವನಿಗೆ ಅರ್ಥವಾಗಿಬಿಟ್ಟಿತ್ತು! ಯಾರೂ ಕಲಿಸಲಿಲ್ಲ, ತಾನೂ ಕಲಿಯಬೇಕು ಅಂದುಕೊಳ್ಳಲಿಲ್ಲ. ಒಂದೂವರೆ ವರ್ಷ ಮುಚ್ಚಿಡುವ ಆತುರದಲ್ಲಿ ಗಿರಾಕಿಗಳ ಬಾಯನ್ನೇ ನೋಡುತ್ತ ನೋಡುತ್ತ, ಅವನಿಗೇ ಗೊತ್ತಾಗದಂತೆ ಕಣ್ಣು ಇಷ್ಟು ದೊಡ್ಡ ವಿದ್ಯೆ ಕಲಿತು ಕೂತಿತ್ತು. ಮೈಯೆಲ್ಲ ಜುಮ್ಮೆಂದಿತು ಅವನಿಗೆ.

"ಚೈನು... ಒಂದೂವರೆ ವರ್ಷ ಬಾಳಿಕೆ ಬರುತ್ತೆ ಅಂದೆ," ಅಂತ ಭಾವನ ಕಡೆ ತೊದಲಿದ. ಆಕೆ ಮತ್ತೆ ದನಿಯಿಲ್ಲದೆ ತುಟಿ ಆಡಿಸಿದಳು. "ಬಂದಾಗಿನಿಂದ ನನ್ನ ಬಾಯಿನೇ ನೋಡ್ತಿದ್ದೀರಿ. ಹಾಗೆ ನೋಡೋರು ನಮ್ಮೋರೇ. ಏರು ದಾರಿ ಎಲ್ಲಿದೆ ಹೇಳಿ, ಹೋಗೋಣ."

ಊರಿನ ನೀರಿನ ಟ್ಯಾಂಕಿಗೆ ಹೋಗುವ ರಸ್ತೆ ಗೋಡೆಯ ಹಾಗೆ ಏರುತ್ತದೆ. ಆಕೆ ಮುಂದೆ, ಅಂಗಡಿಯ ಹಳೆಯ ಸೈಕಲ್ ಹತ್ತಿ ಮೇಸ್ತ್ರಿ ಹಿಂದೆ. ಅವನ ಕಣ್ಣೆಲ್ಲ ಆಕೆಯ ಚೈನಿನ ಮೇಲೆ. ಏರು ಶುರುವಾದ ಕೂಡಲೇ ಚೈನು ಒಂದು ಬಿಲ್ಲೆ ಮೇಲೆ ಹತ್ತಿತು. ತಿರುವಿನಲ್ಲಿ ಇನ್ನೊಂದು. ಒಮ್ಮೆ ಮಾತ್ರ ಸ್ವಲ್ಪ ಆಚೆ ಕೂತಿತು, ಅದು ಕೂತು ಒಂದು ಸುತ್ತು ತಿರುಗುವಷ್ಟರಲ್ಲಿ ಆಕೆಯ ಹೆಬ್ಬೆರಳು ಸರಿಮಾಡಿತ್ತು. ಮೇಸ್ತ್ರಿ ಇಪ್ಪತ್ತೈದು ವರ್ಷದಲ್ಲಿ ಸಾವಿರಾರು ಜನ ಗೇರು ಹಾಕುವುದು ನೋಡಿದ್ದ. ಇಷ್ಟು ಮೆತ್ತಗೆ, ಮಲಗಿದ ಮಗುವಿಗೆ ಹೊದಿಕೆ ಸರಿಪಡಿಸುವ ಹಾಗೆ ಹಾಕುವವರನ್ನು ನೋಡಿರಲಿಲ್ಲ. ಅವನಿಗೆ ಏದುಸಿರು ಬಂದಿತ್ತು, ಆದರೂ ಬಾಯಿ ತುಂಬ ನಗು.

ಮೇಲೆ ಹೋದ ಮೇಲೆ ಆಕೆ ಇಳಿದು ಹಸಿರು ಸೈಕಲ್ಲನ್ನು ಅವನ ಕೈಗೆ ಕೊಟ್ಟಳು. "ಈಗ ನೀವು. ಚಪ್ಪಲಿ ಬಿಚ್ಚಿ. ಕಿವಿ ಕೊಡೋಕೆ ಹೋಗ್ಬೇಡಿ. ಅಂಗಾಲಲ್ಲಿ ನೋಡಿ."

ಟ್ಯಾಂಕಿನ ಸುತ್ತ ಒಂದು ಸುತ್ತು ಹೋದ. ಏನೂ ಇಲ್ಲ. ಪೆಡಲ್ ಪೆಡಲೇ, ಕಾಲು ಕಾಲೇ. ಬೇಕಂತಲೇ ಲಿವರನ್ನು ಅರ್ಧಕ್ಕೆ ತಂದು ಚೈನನ್ನು ಎರಡು ಬಿಲ್ಲೆಗಳ ನಡುವೆ ಗೊಣಗಲು ಬಿಟ್ಟ. ಕೇಳಿಸಲಿಲ್ಲ. ಕಾಲಿಗೂ ಏನೂ ಗೊತ್ತಾಗಲಿಲ್ಲ. ಎರಡನೇ ಸುತ್ತಿಗೆ ಅಳು ಬರುವ ಹಾಗಾಯಿತು. ಐವತ್ತೆರಡು ವರ್ಷದ ಗಂಡಸು ಬರಿಗಾಲಲ್ಲಿ ನೀರಿನ ಟ್ಯಾಂಕ್ ಸುತ್ತುತ್ತಿದ್ದಾನೆ, ಯಾರಾದರೂ ನೋಡಿದರೆ ಏನಂದಾರು! ಮೂರನೇ ಸುತ್ತಿನಲ್ಲಿ ಸುಮ್ಮನೆ ತುಳಿದ, ಆಲಿಸುವುದನ್ನೇ ಬಿಟ್ಟು. ಆಗ ಎಡ ಅಂಗಾಲಿನ ನಡುವೆ ಇರುವೆ ಹರಿದಂತೆ ಏನೋ ಆಯಿತು. ನಿಂತಿತು. ಮತ್ತೆ ಆಯಿತು. ಹೆಬ್ಬೆರಳಿನಿಂದ ಲಿವರನ್ನು ಒಂದಿಷ್ಟೇ ಒತ್ತಿದ. ಇರುವೆ ಹೋಯಿತು. ಇತ್ತ ಸಡಿಲಿಸಿದ, ಬಂತು. ಒತ್ತಿದ, ಹೋಯಿತು.

ಅಯ್ಯೋ, ಆಗ ಅವನಿಗಾದದ್ದನ್ನು ಹೇಗೆ ಹೇಳೋಣ! ಮೊದಲ ಸಲ ಸೈಕಲ್ ಕಲಿತ ದಿನ, ಹಿಂದೆ ಹಿಡಿದಿದ್ದವರು ಕೈ ಬಿಟ್ಟಿದ್ದಾರೆ ಅಂತ ಗೊತ್ತಾದ ಗಳಿಗೆ ಇರುತ್ತದಲ್ಲ, ಹಾಗಾಯಿತು. ಸದ್ದು ಎಲ್ಲೂ ಹೋಗಿರಲಿಲ್ಲ. ಇಷ್ಟು ದಿನವೂ ಉಕ್ಕಿನಲ್ಲೇ ಇತ್ತು, ಕಾಲ ಕೆಳಗೇ ಇತ್ತು. ಇಡೀ ಸೈಕಲ್ಲು ಮಾತಾಡುತ್ತಿತ್ತು, ಮೈತುಂಬ. ಅವನು ಇಳಿದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಆಕೆ ಪಕ್ಕದಲ್ಲೇ ಕೂತು, ಅವನು ಮುಗಿಸುವವರೆಗೂ ಕಾದಳು.

"ಲಿವರ್ ಇದೇ ಇರಲಿ," ಅಂದಳು ಆಮೇಲೆ. "ನಾಳೆ ಹೊರಡ್ತೀನಿ. ನೀವು ಮಾತ್ರ ಇವತ್ತೇ ಹೇಳ್ಬಿಡಿ. ಮಿಲ್ಲಲ್ಲಿ ಎಲ್ಲರದೂ ಒಟ್ಟಿಗೆ ಹೋಯ್ತು, ನಾವು ಯಾರಿಗೆ ಹೇಳ್ಬೇಕಿತ್ತು? ನಿಮ್ಮ ಮನೇಲಿ ಕಿವಿ ಇರೋರು ಇದ್ದಾರೆ."

ಮೇಸ್ತ್ರಿ ಒಬ್ಬನೇ ಅಂಗಡಿಗೆ ಬಂದ. ಬಿಸಿಲು ನೆತ್ತಿಗೇರಿತ್ತು. ಭಾವ ಪೇಪರಿನ ಕೊನೆಯ ಪುಟದಲ್ಲಿದ್ದ, ಹೆಂಡತಿ ಗಲ್ಲಾದ ಹಿಂದೆ ಅದೇ ಟ್ಯೂಬು ಉಜ್ಜುತ್ತಿದ್ದಳು. ಕೂತರೆ ಧೈರ್ಯ ಹೋಗುತ್ತದೆ ಅಂತ ನಿಂತೇ ಹೇಳಿದ.

"ನಂಗೆ ಕಿವಿ ಕೇಳಲ್ಲ. ಒಂದೂವರೆ ವರ್ಷ ಆಯ್ತು. ಬೆನ್ನ ಹಿಂದೆ ಮಾತಾಡಿದ್ರಂತೂ ಏನೂ ಗೊತ್ತಾಗಲ್ಲ."

ಭಾವ ಪೇಪರ್ ಮಡಿಸಿದ. "ಅಂದ್ರೆ ನನ್ನ ಜೋಕಿಗೆಲ್ಲ ನಗ್ತಿದ್ದದ್ದು?"

"ನೀವು ನಕ್ಕಾಗ ನಗ್ತಿದ್ದೆ ಭಾವ."

"ಥೂ ನಿನ್ನ!" ಅಂದ ಭಾವ. ಅವನ ಕಣ್ಣು ತುಂಬಿತ್ತು. ಟೀ ಕುಡಿಯುವ ನೆಪ ಮಾಡಿ ಎದ್ದು ಹೋದ.

ಹೆಂಡತಿ ಟ್ಯೂಬನ್ನು ಕೆಳಗಿಟ್ಟಳು. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಅಂತ ಮೇಸ್ತ್ರಿ ಕಾದ. ಅವಳು ಅವನನ್ನೇ ಬೆಪ್ಪಾಗಿ ನೋಡುತ್ತಿದ್ದಳು. ಯಾರೋ ಅಡ್ರೆಸ್ ಕೇಳಲು ಬಂದವರನ್ನು ನೋಡುವ ಹಾಗೆ.

"ಹಾಗಾದ್ರೆ..." ಅಂದಳು. ನಿಲ್ಲಿಸಿದಳು. ಮತ್ತೆ ಶುರುಮಾಡಿದಳು. "ಹಾಗಾದ್ರೆ ನಾನು ಅಡುಗೆಮನೆಯಿಂದ ಮಾತಾಡ್ತಿದ್ದಾಗ, ನೀವು ಉತ್ತರ ಕೊಡದೆ ಸುಮ್ಮನೆ ಕೂತಿರ್ತಿದ್ರಲ್ಲ..."

"ಕೇಳಿಸ್ತಿರಲಿಲ್ಲ."

"ಮೊಣಕಾಲು ನೋವು ಅಂದಾಗ?"

"ಯಾವಾಗ ಅಂದೆ?"

"ನಮ್ಮಮ್ಮ ಹೋದ ಮೇಲೆ, ನಿದ್ದೆ ಬರ್ತಿಲ್ಲ, ಸ್ವಲ್ಪ ಹೊತ್ತು ಮಾತಾಡೋಣ ಬನ್ನಿ ಅಂತ ನಿಮ್ಮ ಬೆನ್ನ ಹಿಂದೆ ನಿಂತು ಮೂರು ದಿನ ಕರೆದೆ."

ಅವನು ಇಷ್ಟು ದಿನ ಲೆಕ್ಕ ಹಾಕಿದ್ದು ಟಿಕಿಟಿಕಿ ಹೋಯಿತು, ಗುಬ್ಬಿ ಹೋಯಿತು ಅಂತ. ಇದು ಹೋದದ್ದು ಅವನ ಲೆಕ್ಕದಲ್ಲೇ ಇರಲಿಲ್ಲ.

"ನಾನು ಏನಂದ್ಕೊಂಡೆ ಗೊತ್ತಾ?" ಅಂದಳು ಅವಳು. ಕೆನ್ನೆ ಮೇಲೆ ಹರಿಯುತ್ತಿದ್ದುದನ್ನು ಒರೆಸಿಕೊಳ್ಳಲಿಲ್ಲ. "ಇವರು ನನ್ನ ಮಾತು ಕಿವಿಗೇ ಹಾಕ್ಕೊಳ್ಳಲ್ಲ ಅಂದ್ಕೊಂಡೆ. ಇಷ್ಟು ವರ್ಷ ಆದ್ಮೇಲೆ ನಾನು ಬೇಡವಾಗಿದ್ದೀನಿ ಅಂದ್ಕೊಂಡೆ. ಆಮೇಲಾಮೇಲೆ ಮಾತಾಡೋದೇ ಬಿಟ್ಟೆ. ನಾನು ಬಿಟ್ಟಿದ್ದು ನಿಮಗೆ ಗೊತ್ತಾಯ್ತಾ?"

"ಇಲ್ಲ," ಅಂದ ಮೇಸ್ತ್ರಿ. ಸುಳ್ಳು ಹೇಳುವುದು ಮುಗಿದಿತ್ತು.

ಹೊರಗೆ ಯಾರೋ ಗಾಳಿ ಹೊಡೆಸಲು ಬಂದು ನಿಂತು ಬೆಲ್ ಬಾರಿಸಿದರು. ಹೆಂಡತಿಯ ಕಣ್ಣು ಆ ಕಡೆ ತಿರುಗಿದ್ದು ನೋಡಿ ಅವನಿಗೆ ಗೊತ್ತಾಯಿತು. ಬಾಗಿಲಿಗೆ ಹೋಗಿ, ಆಮೇಲೆ ಬನ್ನಿ ಅಂತ ಕೈ ಮುಗಿದು, ಷಟರ್ ಎಳೆದ. ನಡು ಮಧ್ಯಾಹ್ನ ಆ ಅಂಗಡಿ ಮುಚ್ಚಿದ್ದು ಇಪ್ಪತ್ತೈದು ವರ್ಷದಲ್ಲಿ ಅದೇ ಮೊದಲು. ಒಳಗಿನ ದೀಪ ಹಾಕಿದ. ಭಾವನ ಬೆಂಚನ್ನು ಎಳೆದು ತಂದು ಅವಳ ಎದುರಿಗೇ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ. ಅವಳ ಮುಖದ ಮೇಲೆ ಬೆಳಕು ಬೀಳುತ್ತಿದೆಯೇ ಅಂತ ನೋಡಿಕೊಂಡ.

"ಮೊದಲಿಂದ ಹೇಳು," ಅಂದ.

"ಏನನ್ನ?"

"ಒಂದೂವರೆ ವರ್ಷದ್ದು. ಎಲ್ಲಾನೂ."